ಎಕ್ಸ್‌ಪೆನ್ಸಿಗೆ ಹಾಕಿ ಮಾರಾಯ್ರೆ

2025ರ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದು, ಅದರ ಮೇಲೆ ಮೆಂತೆ ಗಂಜಿ ಉಂಡು, ಕಹಿ ಇನ್ನೂ ನಾಲಗೆಯಲ್ಲಿರುವಾಗಲೇ ನಾನು ಬಜಗೋಳಿ ಪೇಟೆಯಲ್ಲಿ ಕಾರ್ಕಳದ ಬಸ್ಸಿಗೆ ಕಾಯುತ್ತಿದ್ದೆ. ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ 61,350 ರೂಪಾಯಿ, ಬಿಲ್ಲುಗಳ ರೂಪದಲ್ಲಿ.

ನಮ್ಮ ಊರಿನ ಮಳೆ ಗೊತ್ತಿಲ್ಲದವರಿಗೆ ಒಂದು ಮಾತು. ಮಂಗಳೂರಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 169 ಕಾರ್ಕಳ ದಾಟಿ, ನಮ್ಮ ಪೇಟೆಯ ನಡುವೆ ಹಾದು, ಮಾಳದಲ್ಲಿ ಘಾಟಿ ಹತ್ತಿ ಕುದುರೆಮುಖಕ್ಕೆ ಹೋಗುತ್ತದೆ. ಅದೇ ದಾರಿಯಲ್ಲಿ ಮಳೆ ಕೆಳಗಿಳಿದು ಬರುತ್ತದೆ, ಟಿಕೇಟಿಲ್ಲದೆ. ಬಂದದ್ದು ಮೇಲಿನಿಂದ ಬೀಳುವುದಿಲ್ಲ, ಅಡ್ಡಕ್ಕೆ ಹೊಡೆಯುತ್ತದೆ. ಕೊಡೆಯನ್ನು ನಾನು ಚೀಲಕ್ಕೆ ಹಿಡಿದೆ. ತಲೆ ಒದ್ದೆಯಾದರೆ ಒರೆಸಿಕೊಳ್ಳಬಹುದು, ಬಿಲ್ಲು ಒದ್ದೆಯಾದರೆ ಸರಕಾರಕ್ಕೆ ಏನು ಹೇಳುವುದು?

ನನ್ನದೊಂದು ಸ್ಟುಡಿಯೋ. ಹಿಂದೆ ಪಾಸ್‌ಪೋರ್ಟ್ ಫೋಟೋಕ್ಕೆ ನೀಲಿ ಪರದೆ, ಮುಂದೆ ಝೆರಾಕ್ಸ್ ಮೆಷಿನ್, ನಡುವೆ ನಾನು. ಮದುವೆ, ಮೆಹಂದಿ, ಗೃಹಪ್ರವೇಶ, ನೇಮ, ಯಕ್ಷಗಾನ ಎಲ್ಲದಕ್ಕೂ ವಿಡಿಯೋ ಮಾಡುತ್ತೇನೆ. ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ. ಓಲಗದವರು, ಅಡುಗೆಯವರು, ಮಂಟಪ ಕಟ್ಟುವವರು, ವಿಡಿಯೋದವರು ಎಲ್ಲರೂ ಆ ತಿಂಗಳು ಹಲಸಿನ ಹಪ್ಪಳ ತಿಂದುಕೊಂಡು ಮಳೆ ನೋಡುವುದು. ಆದಾಯ ತೆರಿಗೆಯ ರಿಟರ್ನಿಗೆ ಜುಲೈ 31 ಎಂದು ಗಡುವು ಇಟ್ಟದ್ದು ತುಳುನಾಡಿನ ವಿಡಿಯೋದವರ ಅನುಕೂಲ ನೋಡಿಯೇ ಇರಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ.

ಈ ಕತೆ ಶುರುವಾದದ್ದು ಅದರ ಹಿಂದಿನ ವರ್ಷದ ಮೇ ತಿಂಗಳಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಮುಂಬಯಿ ಭಾವ ಕೂತಿದ್ದರು. ಮುಂಬಯಿ ಭಾವ ಎಂದರೆ ಪ್ರತಿ ಮನೆಗೆ ಒಬ್ಬರು ಇರುವ ಮುಂಬಯಿ ಭಾವನೇ, ವಿವರ ಬೇಡ. ಡ್ರೋನ್ ಹಾರಿಸಲು ಕಲಿಯಬೇಕು, ಕಲಿಸುವವರು ಬೆಂಗಳೂರಿನಲ್ಲಿ ಇದ್ದಾರೆ, ಖರ್ಚು ಜಾಸ್ತಿ ಎಂದು ನಾನು ಗೊಣಗಿದೆ. ಭಾವ ಹೋಳಿಗೆ ಮುರಿಯುತ್ತಾ ಹೇಳಿದರು:

"ನೀವು ಸೆಲ್ಫ್ ಎಂಪ್ಲಾಯ್ಡ್ ಅಲ್ವಾ ಭಾವ? ಟ್ರೈನಿಂಗಿನ ಫೀಸು, ರೂಮು, ಊಟ, ಬಸ್ಸು, ಎಲ್ಲ ಎಕ್ಸ್‌ಪೆನ್ಸಿಗೆ ಹಾಕಿ ಮಾರಾಯ್ರೆ. ಬಿಲ್ಲು ಮಾತ್ರ ಬಿಡಬೇಡಿ."

ಅಂದಿನವರೆಗೆ ಊರಿನಲ್ಲಿ ನಾನು ಬರೀ 'ವಿಡಿಯೋದವ'. ಸೆಲ್ಫ್ ಎಂಪ್ಲಾಯ್ಡ್ ಎಂದು ಕರೆಸಿಕೊಂಡ ಖುಷಿಯಲ್ಲಿ ಎರಡು ಹೋಳಿಗೆ ಹೆಚ್ಚು ತಿಂದೆ, 'ಹಾಕಿ' ಎಂಬ ಶಬ್ದದ ಅರ್ಥ ವಿಚಾರಿಸಲು ಮರೆತೆ.

ಅದಕ್ಕೆ ಕಾರಣವೂ ಉಂಟು. ನಮ್ಮ ಜಿಲ್ಲೆಯಲ್ಲಿ ಹಾಕುವುದು ಎಂದರೆ ಪಿಗ್ಮಿಗೆ ಹಾಕುವುದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಂತೆ ಒಟ್ಟುಮಾಡಲು ತೊಡಗಿದ ಮೇಲೆ ನಮ್ಮ ಅಜ್ಜಂದಿರ ಕಾಲದಿಂದಲೂ ಒಂದು ನಂಬಿಕೆ ಬೇರೂರಿದೆ: ಹಾಕಿದ್ದು ವಾಪಸು ಬರುತ್ತದೆ, ಬಡ್ಡಿ ಸಮೇತ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಕರಗಿತು, ನಂಬಿಕೆ ಕರಗಲಿಲ್ಲ. ಎಕ್ಸ್‌ಪೆನ್ಸಿಗೆ 60 ಸಾವಿರ ಹಾಕಿದರೆ ಸರಕಾರ 60 ಸಾವಿರ ವಾಪಸು ಕೊಡುತ್ತದೆ ಎಂದು ನಾನು ತಿಳಿದುಕೊಂಡೆ. ಹೆಂಡತಿಗೂ ಹಾಗೆಯೇ ವಿವರಿಸಿದೆ, ಏಕೆಂದರೆ ಹಣ ಇದ್ದದ್ದು ಅವಳ ಪಿಗ್ಮಿಯಲ್ಲಿ.

"ಎಷ್ಟು ಬರ್ತದೆ?" ಎಂದಳು.

"ಹಾಕಿದಷ್ಟೂ."

"ಬಡ್ಡಿ?"

"ಅದು ಕೇಳಲಿಲ್ಲ."

"ಅದನ್ನೇ ಅಲ್ವಾ ಮೊದಲು ಕೇಳುವುದು," ಎಂದು ಅವಳು ಪಿಗ್ಮಿ ಮುರಿಸಿ 45 ಸಾವಿರ ನಗದು ತಂದು ಕೈಯಲ್ಲಿಟ್ಟಳು.

2024ರ ಆಟಿಯಲ್ಲಿ ಬೆಂಗಳೂರಿಗೆ ಹೋದೆ. ಸರಕಾರದ ಖರ್ಚಿನಲ್ಲಿ ಹೋಗುವವನ ನಡಿಗೆಯೇ ಬೇರೆ. ನಾನ್ ಏಸಿ ಬಸ್ಸಿದ್ದರೂ ಏಸಿ ಸ್ಲೀಪರ್ ಹತ್ತಿದೆ. ಲಾಡ್ಜಿನಲ್ಲಿ ಮೊದಲು ತೋರಿಸಿದ ರೂಮು ಬೇಡವೆಂದು ಬಿಸಿನೀರು, ಟಿವಿ, ಕಿಟಕಿ ಮೂರೂ ಇರುವ ರೂಮು ತೆಗೆದುಕೊಂಡೆ. ಸಾದಾ ದೋಸೆಯ ಕಡೆ ತಿರುಗಿಯೂ ನೋಡಲಿಲ್ಲ. ಡ್ರೋನ್ ಹಾರಿಸುವವನ ಕಾಲು ನೆಲದ ಮೇಲೆ ಗಟ್ಟಿ ಇರಬೇಕಲ್ಲ ಎಂದು ಶೂ ಕೊಂಡೆ. ಸರ್ಟಿಫಿಕೇಟಿನ ಫೋಟೋ ಚೆನ್ನಾಗಿ ಬರಬೇಕಲ್ಲ ಎಂದು ಏಸಿ ಸೆಲೂನಿನಲ್ಲಿ ಕೂದಲು ಕತ್ತರಿಸಿಕೊಂಡೆ. ಊರಿನಲ್ಲಿ ಅದೇ ತಲೆಯನ್ನು ನೂರು ರೂಪಾಯಿಗೆ ನೋಡಿಕೊಳ್ಳುತ್ತಾರೆ. ಅಲ್ಲಿ ಆರುನೂರು ಕೊಟ್ಟೆ, ಟಿಪ್ಸ್ ಬೇರೆ. ಟಿಪ್ಸಿಗೂ ಬಿಲ್ಲು ಕೇಳಿದೆ.

ಬಿಲ್ಲು ಕೇಳುವುದು ಒಂದು ಚಟ ಎಂದು ನನಗೆ ಅಲ್ಲಿ ಗೊತ್ತಾಯಿತು. ಫುಟ್‌ಪಾತಿನ ಚಹಾದವನಿಗೆ ಹದಿನೈದು ರೂಪಾಯಿ ಕೊಟ್ಟು, "ಬಿಲ್" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಲಿಕೆಯಿಂದ ಬಂದ್ರಾ ಸಾರ್?" ಎಂದು ಇನ್ನೊಂದು ಚಹಾ ಕೈಗಿಟ್ಟು ದುಡ್ಡು ವಾಪಸು ಕೊಟ್ಟ. ಸೆಲ್ಫ್ ಎಂಪ್ಲಾಯ್ಡ್ ಬದುಕಿನಲ್ಲಿ ನನಗೆ ಸಿಕ್ಕಿದ ಮೊದಲ ಮತ್ತು ಕೊನೆಯ ರಿಯಾಯಿತಿ ಅದು.

ತರಬೇತಿ ಐದು ದಿನ. ಕಲಿಸುವ ಹುಡುಗನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ, ನನ್ನನ್ನು ಅಂಕಲ್ ಎಂದ. ಮೊದಲ ದಿನ ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಹಾರಿಸಬೇಕು. ನಾನು ಎರಡು ಮರ, ಒಂದು ಗೋಪುರ ಮತ್ತು ತಲೆಬುಡ ಗೊತ್ತಾಗದ ಒಂದು ಕಟ್ಟಡಕ್ಕೆ ಗುದ್ದಿದೆ. "ಅಂಕಲ್, ಎಡಗೈ ಎತ್ತರಕ್ಕೆ, ಬಲಗೈ ದಿಕ್ಕಿಗೆ," ಎಂದ. ಇಪ್ಪತ್ತು ವರ್ಷ ಬಲಗೈಯಲ್ಲಿ ಕ್ಯಾಮೆರಾ, ಎಡಗೈಯಲ್ಲಿ ಮದುವೆಗೆ ಬಂದ ಮಕ್ಕಳನ್ನು ದೂಡಿ ಅಭ್ಯಾಸವಾದವನಿಗೆ ಕೈಗಳಿಗೆ ಬೇರೆ ಕೆಲಸ ಹೇಳಿಕೊಡುವುದು ಸುಲಭ ಅಲ್ಲ.

ಮಧ್ಯಾಹ್ನದ ಮೇಲೆ ಥಿಯರಿ. 2021ರ ಡ್ರೋನ್ ನಿಯಮಗಳು. 250 ಗ್ರಾಂ ವರೆಗಿನದ್ದು ನ್ಯಾನೋ, ಅಲ್ಲಿಂದ ಎರಡು ಕಿಲೋ ವರೆಗೆ ಮೈಕ್ರೋ, ಅಲ್ಲಿಂದ 25 ಕಿಲೋ ವರೆಗೆ ಸ್ಮಾಲ್. ಇಲ್ಲಿಯವರೆಗೆ ನನಗೆ ನೆನಪಿದೆ. ಆಮೇಲಿನದ್ದು ನೆನಪಿಲ್ಲ, ಏಕೆಂದರೆ ಸರಕಾರದ ಖರ್ಚಿನ ತುಪ್ಪದ ದೋಸೆ ಅಷ್ಟು ಹೊತ್ತಿಗೆ ಕಣ್ಣಿನ ರೆಪ್ಪೆಗಳ ಮೇಲೆ ಬಂದು ಕೂತಿತ್ತು. ನಿದ್ದೆಯಲ್ಲಿ ತಪ್ಪಿಹೋದ ಆ ಒಂದು ವಾಕ್ಯ ಏನೆಂದು ಒಂದು ವರ್ಷದ ನಂತರ ತಿಳಿಯಿತು. ಅದು ಮುಂದೆ ಬರುತ್ತದೆ.

ಐದನೇ ದಿನ ನಿಜವಾದ ಡ್ರೋನ್ ಮೇಲೇರಿತು, ಕೆಳಗೂ ಇಳಿಯಿತು, ಅದೂ ನಾನು ಹೇಳಿದ ಜಾಗದ ಹತ್ತಿರದಲ್ಲಿಯೇ. ಪಾಸು. ಹಣ ಕಟ್ಟಿದ ರಸೀದಿ ಬರೆಯುವವ ಊರು ಕೇಳಿದ. ಬಜಗೋಳಿ ಎಂದೆ. ಸ್ಟುಡಿಯೋದ ಹೆಸರು? ಬಜಗೋಳಿ ವಿಡಿಯೋಸ್. ಅವನು ತಲೆ ಎತ್ತದೆ ಬರೆದ, ಮಡಚಿದ, ಕೊಟ್ಟ. ನಾನು ಬಿಚ್ಚಿ ನೋಡದೆ ಚೀಲಕ್ಕೆ ತುರುಕಿದೆ. ಒಂದು ರಸೀದಿ ಓದುವಷ್ಟು ಪುರಸೊತ್ತು ಇರುವವನು ವಿಮಾನ ಚಾಲಕ ಹೇಗಾದಾನು?

ಊರಿಗೆ ಬಂದು ಸೆಕೆಂಡ್‌ಹ್ಯಾಂಡ್ ಡ್ರೋನೊಂದನ್ನು ಕೊಂಡೆ. ತೂಕ 249 ಗ್ರಾಂ, ನಾಲ್ಕು ಕೋಳಿಮೊಟ್ಟೆ ಹಾಕಿ ಮಾಡಿದ ಒಂದು ಆಮ್ಲೆಟಿಗಿಂತ ಸ್ವಲ್ಪ ಭಾರ. ಮಾಳದ ಒಂದು ಮದುವೆಯಲ್ಲಿ ಉದ್ಘಾಟನೆ ಮಾಡಿದೆ. ದಿಬ್ಬಣದ ಮೇಲೆ ಏರಿತು, ಎಲ್ಲರೂ ಮೇಲೆ ನೋಡಿದರು, ಮದುಮಗನೂ ನೋಡಿದ. ಡ್ರೋನ್ ಒಂದು ತೆಂಗಿನ ಮರವನ್ನು ನೋಡಿತು. ಮರ ಹತ್ತಿದವನಿಗೆ ಐನೂರು ರೂಪಾಯಿ. "ಬಿಲ್ಲು ಕೊಡ್ತೀಯಾ?" ಎಂದು ಕೇಳಿದೆ. ಅವನು ಇನ್ನೂ ಅರ್ಧ ಮರದಲ್ಲಿದ್ದ. ಅಲ್ಲಿಯೇ ನಿಂತು ನಗಲು ತೊಡಗಿದ್ದರಿಂದ ಎಲ್ಲರಿಗೂ ಭಯವಾಗಿ ಆ ಮಾತು ಬಿಟ್ಟೆ. ಅಂದಿನಿಂದ ಡ್ರೋನ್ ಹಾರಿಸುವುದು ನನ್ನ ಸಹಾಯಕ ಹುಡುಗ. ಸರ್ಟಿಫಿಕೇಟು ನನ್ನದು, ಗೋಡೆಯ ಮೇಲೆ ಚೌಕಟ್ಟಿನಲ್ಲಿದೆ. ಚೌಕಟ್ಟಿಗೂ ಬಿಲ್ಲು ಇದೆ.

ಅಮಾವಾಸ್ಯೆಯ ಬೆಳಿಗ್ಗೆ ನಾನು ಕಾಯುತ್ತಿದ್ದ ಬಸ್ಸು ಬಂತು. ಮಿಯ್ಯಾರಿನಲ್ಲಿ ಲವ-ಕುಶ ಕಂಬಳದ ಕರೆ ಇರುವ ಕಡೆ ಪೂರ್ತಿ ಮಳೆಯ ಪರದೆ. ಕಾರ್ಕಳ ಹತ್ತಿರವಾದಂತೆ ಮೋಡದ ನಡುವೆ ಬೆಟ್ಟದ ಮೇಲಿನ ಗೊಮ್ಮಟ ಕಾಣುತ್ತಾನಾ ಎಂದು ಬಗ್ಗಿ ನೋಡಿದೆ. ಎಲ್ಲವನ್ನೂ ಬಿಟ್ಟು 1432ರಿಂದ ನಿಂತ ನಲವತ್ತೆರಡಡಿಯ ಮಹಾಮೂರ್ತಿ. ಕೆಳಗೆ ರಸ್ತೆಯಲ್ಲಿ ಫೋಟೋ ಚೌಕಟ್ಟಿನ ಬಿಲ್ಲನ್ನೂ ಬಿಡಲಾರದ ನಾನು. ಬೇಗ ಮುಖ ತಿರುಗಿಸಿದೆ.

ನನ್ನ ಬಿಲ್ಲುಗಳನ್ನು ನೋಡಬೇಕಾಗಿದ್ದ ಆಡಿಟರ ಹೆಸರು ಇಲ್ಲಿ ಬೇಡ. ಅವರಿದನ್ನು ಓದಿದರೆ ಮುಂದಿನ ವರ್ಷ ಫೀಸು ಡಬಲ್ ಮಾಡಿಯಾರು. ವಯಸ್ಸಾದವರು, ಮೆಲ್ಲಗಿನ ಮಾತು. ಮಾಳಿಗೆಯ ಆಫೀಸು ಖಾಲಿ ಇತ್ತು. ಗಡುವಿಗೆ ಒಂದು ವಾರ ಇರುವಾಗ ಆಡಿಟರ ಆಫೀಸು ಖಾಲಿ ಇರುವುದನ್ನು ಕಂಡು ನನಗೆ ಮೊದಲ ಸಂಶಯ ಬಂತು.

"ಅವಸರ ಎಂತದ್ದು ಮಾರಾಯ್ರೆ, ಈ ಮಳೆಗೆ?" ಎಂದರು. "ಈ ಸಲ ಗಡುವು ಸೆಪ್ಟೆಂಬರ್ 15ರ ತನಕ ಮುಂದೆ ಹೋಗಿದೆ. ಮೇ ತಿಂಗಳಲ್ಲೇ ಹೇಳಿದ್ದಾರೆ."

ಒದ್ದೆ ತಲೆಯಿಂದ ಒಂದು ಹನಿ ಅವರ ಮೇಜಿನ ಮೇಲೆ ಬಿತ್ತು. ಅದಕ್ಕೆ ಉತ್ತರ ಕೊಡದೆ ಚೀಲ ಕವುಚಿದೆ.

ಬಿಲ್ಲುಗಳನ್ನು ಭದ್ರವಾಗಿ ಇಟ್ಟಿದ್ದೆ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅರ್ಧದಷ್ಟನ್ನು ಪ್ಲಾಸ್ಟಿಕ್ ಫೈಲಿನಲ್ಲಿ. ಉಳಿದದ್ದನ್ನು, ಮಳೆಗಾಲದ ತಂಡಿಗೆ ಬೂಸ್ಟು ಹಿಡಿಯದಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಪಕ್ಕ. ಈಗಿನ ಬಿಲ್ಲುಗಳಲ್ಲಿ ಶಾಯಿ ಇಲ್ಲ, ಕಾವು ತಾಗಿದರೆ ಕಪ್ಪಾಗುವ ಮದ್ದು ಸವರಿದ ಕಾಗದ ಅದು ಎಂದು ನನಗೆ ಯಾರೂ ಹೇಳಿರಲಿಲ್ಲ. ಫೈಲಿನಲ್ಲಿದ್ದವುಗಳ ಅಕ್ಷರ ಮಾಸಿ ಬೆಳ್ಳಗೆ ಹಾಳೆ ಉಳಿದಿತ್ತು. ಅಟ್ಟದಲ್ಲಿದ್ದವು ತಲೆಯಿಂದ ಕಾಲಿನವರೆಗೆ ಕಪ್ಪಾಗಿದ್ದವು.

ಆಡಿಟರು ಒಂದು ಕರಿ ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಕಪ್ಪು ಹಣ ನೋಡಿದ್ದೇನೆ. ಕಪ್ಪು ಬಿಲ್ಲು ಇದೇ ಮೊದಲು."

ಕೈಬರಹದ ರಸೀದಿ ಒಂದು ಮಾತ್ರ ಸರಿಯಾಗಿ ಉಳಿದಿತ್ತು, ತರಬೇತಿಯದ್ದು. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು. "ನಿಮ್ಮದು ಹೋಟೆಲ್ ಕೂಡ ಉಂಟಾ?"

ರಸೀದಿಯಲ್ಲಿ ಬರೆದಿತ್ತು: 'ಗೋಳಿಬಜೆ ವಿಡಿಯೋಸ್'.

ಬಜಗೋಳಿಯವರಿಗೆ ಈ ಜೋಕು ಹೊಸತಲ್ಲ, ಘಟ್ಟದ ಮೇಲಿನವರ ಬಾಯಲ್ಲಿ ನಮ್ಮ ಊರು ಎಣ್ಣೆಗೆ ಬೀಳುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಸಹಿ, ಸೀಲು ಹಾಕಿ ಕೊಟ್ಟದ್ದು ಅದೇ ಮೊದಲು.

"ಹೆಸರು ಬಿಡಿ, ಸರಿ ಮಾಡಿಸಬಹುದು. ಹಣ ಹೇಗೆ ಕೊಟ್ಟಿರಿ?"

"ನಗದು. ಪಿಗ್ಮಿಯದ್ದು."

"45 ಸಾವಿರ, ಒಂದೇ ದಿನ?" ಅವರು ಪೆನ್ನು ಕೆಳಗಿಟ್ಟರು. "ಒಬ್ಬರಿಗೆ ಒಂದು ದಿನದಲ್ಲಿ 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ತಕ್ಕೊಳ್ಳುವುದಿಲ್ಲ. ಬ್ಯಾಂಕಿನಿಂದ ಹೋಗಬೇಕಿತ್ತು."

ಹಾಗಾದರೆ ಡ್ರೋನ್ ಕಲಿತದ್ದು ವ್ಯವಹಾರಕ್ಕೇ ಅಲ್ಲವೇ, ಕಾನೂನು ಅಷ್ಟನ್ನಾದರೂ ನೋಡಬೇಡವೇ ಎಂದು ವಾದಿಸಿದೆ. ಆಡಿಟರಿಗೆ ವಾದ ಎಂದರೆ ಇಷ್ಟ ಎಂದು ಕಾಣುತ್ತದೆ, ಕುರ್ಚಿಗೆ ಒರಗಿದರು. 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನ ಪ್ರಕಾರ ಖರ್ಚು ಪೂರ್ತಿಯಾಗಿ ವ್ಯವಹಾರಕ್ಕೇ ಮಾಡಿದ್ದಾಗಿರಬೇಕು, ಸ್ವಂತದ್ದು ಆಗಿರಬಾರದು, ಬಂಡವಾಳದ ರೀತಿಯದ್ದೂ ಆಗಿರಬಾರದು. ತರಬೇತಿಯ ಖರ್ಚು ಇದರಲ್ಲಿ ಸೇರುತ್ತದೋ ಇಲ್ಲವೋ ಎಂದು ಕೋರ್ಟುಗಳಲ್ಲಿ ಎಷ್ಟೋ ಜಗಳ ಆಗಿದೆ. ಪುಣೆಯ 'ಸಕಾಳ್' ಪತ್ರಿಕೆಯ ಕಂಪೆನಿ ತನ್ನ ಮ್ಯಾನೇಜಿಂಗ್ ಡೈರೆಕ್ಟರರ ಮಗಳನ್ನು ಪತ್ರಿಕೋದ್ಯಮ ಕಲಿಯಲು ಅಮೆರಿಕಕ್ಕೆ ಕಳಿಸಿತ್ತು. ಅದು ಅಪ್ಪ ಮಗಳಿಗೆ ಮಾಡಿದ ಖರ್ಚು ಎಂದಿತು ಇಲಾಖೆ. ಪತ್ರಿಕೆಗೆ ಮಾಡಿದ ಖರ್ಚು ಎಂದು ಬಾಂಬೆ ಹೈಕೋರ್ಟ್ 1978ರಲ್ಲಿ ಒಪ್ಪಿತು.

"ಹಾಗಾದರೆ..." ನಾನು ಕುರ್ಚಿಯ ತುದಿಗೆ ಬಂದೆ.

"ಅದೇ ಕೋರ್ಟು ಇನ್ನೊಂದು ಕಂಪೆನಿಯ ಡೈರೆಕ್ಟರರ ಮಗನ ವಿದೇಶದ ಓದಿನ ಖರ್ಚನ್ನು ಒಪ್ಪಲಿಲ್ಲ. ಓದಿಗೂ ವ್ಯವಹಾರಕ್ಕೂ ಕೊಂಡಿ ಕಾಣಬೇಕು. ನಿಮ್ಮ ಡ್ರೋನ್ ಎಷ್ಟು ತೂಕ?"

"249 ಗ್ರಾಂ," ಎಂದೆ ಹೆಮ್ಮೆಯಿಂದ.

ಅವರು ಕಂಪ್ಯೂಟರಿನಲ್ಲಿ ಏನೋ ಹುಡುಕಿದರು. ಪರದೆಯನ್ನು ನನ್ನ ಕಡೆ ತಿರುಗಿಸಿದರು. ತುಪ್ಪದ ದೋಸೆಯ ನಿದ್ದೆಯಲ್ಲಿ ತಪ್ಪಿಹೋದ ವಾಕ್ಯ ಅಲ್ಲಿತ್ತು: ನ್ಯಾನೋ ಡ್ರೋನ್ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಡ.

"ಬೇಡದ ಸರ್ಟಿಫಿಕೇಟಿಗೆ 45 ಸಾವಿರ. ಅದು ಪೂರ್ತಿಯಾಗಿ ವ್ಯವಹಾರಕ್ಕೇ ಎಂದು ನಾನು ಹೇಗೆ ಬರೆಯುವುದು?"

ಶೂ ಮತ್ತು ಕ್ಷೌರದ ಬಿಲ್ಲು ಕಪ್ಪಾಗಿ ಓದಲಿಕ್ಕೆ ಆಗದಿದ್ದರೂ ನಾನಾಗಿಯೇ ಬಾಯಿಬಿಟ್ಟು ಹೇಳಿದೆ. ಆಗ ಅವರು ಹೃದಯದ ಕತೆ ಹೇಳಿದರು. ದೇಶದ ಕಾನೂನು ಮಂತ್ರಿ ಆಗಿದ್ದ ಹಿರಿಯ ವಕೀಲ ಶಾಂತಿ ಭೂಷಣ್ ಬೈಪಾಸ್ ಆಪರೇಷನ್ ಮಾಡಿಸಿಕೊಂಡು, ಅದಕ್ಕಾದ 1.74 ಲಕ್ಷ ರೂಪಾಯಿಯನ್ನು ವೃತ್ತಿಯ ಖರ್ಚಿಗೆ ಹಾಕಿದ್ದರಂತೆ. ವಾದ ಏನೆಂದರೆ, ಕಾರ್ಖಾನೆಗೆ ಯಂತ್ರ ಇದ್ದ ಹಾಗೆ ವಕೀಲನಿಗೆ ಹೃದಯ; ಯಂತ್ರದ ರಿಪೇರಿ ಖರ್ಚು ಬಿಡುವುದಾದರೆ ಹೃದಯದ್ದು ಯಾಕೆ ಇಲ್ಲ? 1980ರ ದಶಕದ ಆ ರಿಪೇರಿಗೆ 2011ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು: ಹೃದಯ ಎಲ್ಲರಿಗೂ ಬೇಕು, ಬರೀ ವಕೀಲಿಕೆಗೆ ಅಲ್ಲ. ಕಾಯ್ದೆಯಲ್ಲಿ ಯಂತ್ರದ ಸಾಲಿಗೆ ಬರುವ 'ಪ್ಲಾಂಟ್' ಅಲ್ಲ ಅದು.

ನಾನು ಆ ದೊಡ್ಡ ವಕೀಲರ ಬಗ್ಗೆ ಬಹಳ ಆತ್ಮೀಯತೆಯಿಂದ ಯೋಚಿಸಿದೆ. ಅವರಿಗೆ ಹೃದಯ ಹೋಯಿತು, ನನಗೆ ಶೂ ಹೋಯಿತು.

"1887ರಲ್ಲಿ ಇಂಗ್ಲೆಂಡಿನ ಕೋರ್ಟು ಗಾಡಿ ಎಳೆಯುವ ಕುದುರೆ ಪ್ಲಾಂಟ್ ಹೌದು ಎಂದಿತ್ತು, ಗೊತ್ತುಂಟಾ?" ಆಡಿಟರು ಈಗ ನನ್ನನ್ನು ಮರೆತು ತಮ್ಮ ಖುಷಿಗೆ ಮಾತಾಡುತ್ತಿದ್ದರು.

"ಹಾಗಾದರೆ ಕಂಬಳದ ಕೋಣ?"

"ನಮ್ಮ ಕಾಯ್ದೆಯಲ್ಲಿ ಜಾನುವಾರು ಇಲ್ಲ ಎಂದೇ ಬರೆದಿದ್ದಾರೆ. ಚಹಾ ಗಿಡವೂ ಇಲ್ಲ. ಪುಸ್ತಕ ಉಂಟು, ಹಡಗು ಉಂಟು."

ಹಡಗು ನನ್ನಲ್ಲಿ ಇರಲಿಲ್ಲ. ಕೊನೆಯ ಅಸ್ತ್ರ ತೆಗೆದೆ. ಮೊಬೈಲಿನಲ್ಲಿ ಎಲ್ಲೋ ನೋಡಿದ್ದೆ: ಕೆಲವು ವೃತ್ತಿಯವರು ಬಂದ ಹಣದಲ್ಲಿ ಅರ್ಧವನ್ನು ಲಾಭ ಎಂದು ತೋರಿಸಿ ಇನ್ನರ್ಧಕ್ಕೆ ಲೆಕ್ಕ ಕೊಡದೆ ಇರಬಹುದಂತೆ. ವಕೀಲರು, ಡಾಕ್ಟರರು, ಇಂಜಿನಿಯರರು. ಆ ಪಟ್ಟಿಯಲ್ಲಿ ಫಿಲ್ಮ್ ಕಲಾವಿದರೂ ಇದ್ದಾರೆ, ಕ್ಯಾಮೆರಾಮ್ಯಾನ್ ಕೂಡ ಅದರಲ್ಲಿ ಸೇರುತ್ತಾನೆ.

"ನಾನು ಕ್ಯಾಮೆರಾಮ್ಯಾನ್," ಎಂದೆ.

"ಯಾವ ಫಿಲ್ಮು?"

"ಮದುವೆ ಫಿಲ್ಮು. ಎರಡೂವರೆ ಗಂಟೆ. ಹಾಡು, ಅಳು, ಹೊಡೆದಾಟ, ಎಲ್ಲ ಇರ್ತದೆ."

"ಥಿಯೇಟರಿನಲ್ಲಿ ಬಂದಿದೆಯಾ?"

"ಮದುಮಗನ ಮನೆಯಲ್ಲಿ ಮೂರು ಸಲ ನೋಡಿದ್ದಾರೆ."

ಅವರು ನಗಲಿಲ್ಲ. ದೊಡ್ಡ ಮನುಷ್ಯರು. ಕಾಗದ ತೆಗೆದು ಲೆಕ್ಕ ಬರೆಯಲು ತೊಡಗಿದರು. ವರ್ಷಕ್ಕೆ ಒಟ್ಟು ಬಂದದ್ದು ಎಷ್ಟು? 9 ಲಕ್ಷದ 20 ಸಾವಿರ. ಬ್ಯಾಂಕು, ಯುಪಿಐ ಮೂಲಕ? 5 ಲಕ್ಷ. ಉಳಿದದ್ದು ನಗದು. ನಿಮ್ಮಂತಹ ಸಣ್ಣ ವ್ಯವಹಾರದವರಿಗೆ 44ಎಡಿ ಎಂಬ ಕಲಮು ಉಂಟು ಎಂದರು. ಬ್ಯಾಂಕಿನ ಮೂಲಕ ಬಂದದ್ದರಲ್ಲಿ ನೂರಕ್ಕೆ 6, ನಗದಿನಲ್ಲಿ ನೂರಕ್ಕೆ 8 ಕಡಿಮೆ ಎಂದರೂ ಲಾಭ ಎಂದು ತೋರಿಸಬೇಕು. ಅಂದರೆ 30 ಸಾವಿರ, ಮತ್ತು 33,600. ಹೆಚ್ಚು ಉಳಿದಿದ್ದರೆ ಹೆಚ್ಚೇ ತೋರಿಸಬೇಕು. ಬಿಲ್ಲು ಯಾರೂ ಕೇಳುವುದಿಲ್ಲ.

"ಬಿಲ್ಲು ಕೇಳುವುದಿಲ್ಲ?"

"ಇಲ್ಲ. ಎಲ್ಲ ಖರ್ಚೂ ಅದರಲ್ಲೇ ಕಳೆದ ಹಾಗೆ. ಪ್ರತ್ಯೇಕ ಹಾಕಲಿಕ್ಕಿಲ್ಲ. ನಿಜವಾಗಿ ಎಷ್ಟು ಉಳಿಯಿತು?"

ಆಲ್ಬಮ್ಮಿನವನಿಗೆ, ಎಡಿಟಿಂಗಿನವನಿಗೆ, ಹುಡುಗನ ಸಂಬಳ, ಪೆಟ್ರೋಲು, ಬಾಡಿಗೆ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು 3 ಲಕ್ಷದ 10 ಸಾವಿರ ಎಂದು ಒಪ್ಪಿಕೊಂಡೆ. ಮನೆಯಲ್ಲಿ ಹೇಳುವ ಅಂಕೆಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದೆ, ಅದು ಬೇರೆ ವಿಷಯ.

"ಹೊಸ ಪದ್ಧತಿಯಲ್ಲಿ ಈ ವರ್ಷಕ್ಕೆ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ. ಮೇಲಿನ 10 ಸಾವಿರಕ್ಕೆ ನೂರಕ್ಕೆ 5. ಐನೂರು ರೂಪಾಯಿ ತೆರಿಗೆ."

ಐನೂರು. ತೆಂಗಿನ ಮರ ಹತ್ತಿದವನ ಸಂಬಳ.

"ಆದರೆ ಆದಾಯ 7 ಲಕ್ಷದ ಒಳಗಿರುವವರಿಗೆ ರಿಬೇಟ್ ಉಂಟು. ಆ ಐನೂರೂ ಇಲ್ಲ. ನಿಮ್ಮ ತೆರಿಗೆ ಸೊನ್ನೆ."

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ನಾನು, ಒಂದು ವರ್ಷ ತಡವಾಗಿ, ಮದುವೆ ಪಂಕ್ತಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. "ಸರ್, ಎಕ್ಸ್‌ಪೆನ್ಸಿಗೆ ಹಾಕುವುದು ಅಂದರೆ ಎಂತದ್ದು?"

ಅವರು ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು. ಖರ್ಚು ಹಾಕಿದರೆ ಹಣ ವಾಪಸು ಬರುವುದಿಲ್ಲ. ಲಾಭದಲ್ಲಿ ಅಷ್ಟು ಕಡಿಮೆಯಾಗುತ್ತದೆ. ಕಡಿಮೆಯಾದ ಲಾಭದ ಮೇಲಿನ ತೆರಿಗೆ ಮಾತ್ರ ಉಳಿಯುತ್ತದೆ. ತೆರಿಗೆಯೇ ಇಲ್ಲದವನಿಗೆ ಉಳಿಯಲಿಕ್ಕೆ ಎಂತದ್ದೂ ಇಲ್ಲ. ನೂರಕ್ಕೆ 30 ತೆರಿಗೆ ಕಟ್ಟುವ ಮುಂಬಯಿ ಭಾವನಿಗೆ 60 ಸಾವಿರದ ಖರ್ಚಿನಲ್ಲಿ 18 ಸಾವಿರ ಉಳಿದೀತು. ಅವರಿಗೂ ಉಳಿದ 42 ಸಾವಿರ ಜೇಬಿನದ್ದೇ. ಬೆಳಿಗ್ಗೆ ಕುಡಿದ ಕಷಾಯದ ಕಹಿ ಏನೇನೂ ಅಲ್ಲ ಎನಿಸಿತು. ಅದಕ್ಕಾದರೂ ಮೆಂತೆ ಗಂಜಿ ಕೊಡುತ್ತಾರೆ.

ಅಷ್ಟರಲ್ಲಿ ಕೆಳಗಿನ ಹೋಟೆಲಿನ ಹುಡುಗ ಎರಡು ಚಹಾ ಮತ್ತು ಒಂದು ಪ್ಲೇಟು ಗೋಳಿಬಜೆ ತಂದಿಟ್ಟ. ನಾನು ಅದನ್ನು ನೋಡಿದೆ, ಆಡಿಟರು ರಸೀದಿಯನ್ನು ನೋಡಿದರು. ಈ ಸಲ ಅವರಿಗೆ ನಗು ತಡೆಯಲಾಗಲಿಲ್ಲ. ಹುಡುಗ ಬಿಲ್ಲು ಇಟ್ಟ ಕೂಡಲೇ ನನ್ನ ಕೈ ತಾನಾಗಿ ಹೋಯಿತು, ಅದಕ್ಕಿಂತ ಮೊದಲು ಅವರ ಕೈ. ಮಡಚಿ ಡ್ರಾವರಿಗೆ ಹಾಕಿದರು.

"ನೀವು ಆ ಅರ್ಧ ಲಾಭದ ಪಟ್ಟಿಯವರಲ್ವಾ ಸರ್? ಲೆಕ್ಕಿಗರೂ ಅದರಲ್ಲಿ ಉಂಟು. ನಿಮಗೆ ಬಿಲ್ಲು ಎಂತಕ್ಕೆ?"

"ಅಭ್ಯಾಸ ಮಾರಾಯ್ರೆ," ಎಂದರು.

ಹೋಗುವ ಮೊದಲು ಅವರು ಕಂಪ್ಯೂಟರಿನಲ್ಲಿ ಒಂದು ಒಳ್ಳೆಯ ಸುದ್ದಿ ಹುಡುಕಿಕೊಟ್ಟರು. ಮಣಿಪಾಲದ ಒಂದು ಕಂಪೆನಿಯ ವಾರ್ಷಿಕೋತ್ಸವದ ವಿಡಿಯೋ ಮಾಡಿದ್ದೆ, 45 ಸಾವಿರದ ಕೆಲಸ. ಅವರು ನೂರಕ್ಕೆ 10ರಂತೆ ಟಿಡಿಎಸ್ ಹಿಡಿದು 40,500 ಕೊಟ್ಟಿದ್ದರು. ನಾಲ್ಕೂವರೆ ಸಾವಿರ ಚೌಕಾಸಿ ಮಾಡಿ ಕಡಿಮೆ ಕೊಟ್ಟರು ಎಂದು ನಾನು ವರ್ಷವಿಡೀ ಬೈದಿದ್ದೆ. ಆ ಹಣ ನನ್ನ ಪಾನ್ ನಂಬರಿನ ಹೆಸರಿನಲ್ಲಿ ಸರಕಾರದ ಹತ್ತಿರ ಭದ್ರವಾಗಿ ಕೂತಿತ್ತು. 'ಸುಗಮ್' ಎಂಬ ಹೆಸರಿನ ಫಾರ್ಮು ತುಂಬಿ, ಹತ್ತು ನಿಮಿಷದಲ್ಲಿ ರಿಟರ್ನ್ ಕಳಿಸಿದರು. ಫೀಸು 1,500. ರಸೀದಿ ಕೇಳಲಿಲ್ಲ.

ಸ್ಟುಡಿಯೋಕ್ಕೆ ಬಂದು ಸಹಾಯಕ ಹುಡುಗನ ಹತ್ತಿರ ಎಲ್ಲ ಹೇಳಿಕೊಂಡೆ. ಅವನು ಲೆನ್ಸ್ ಒರೆಸುತ್ತಾ ಕೇಳಿದ, "ಕಲಿಯಲಿಕ್ಕೆ ಬೆಂಗಳೂರಿಗೆ ಯಾಕೆ ಹೋದ್ರಿ ಅಣ್ಣ? ಉಜಿರೆಗೆ ಹೋಗ್ಲಿಕ್ಕೆ ಆಗ್ತಿರ್ಲಿಲ್ವಾ?"

ಅವನು ಫೋಟೋಗ್ರಫಿ, ವಿಡಿಯೋಗ್ರಫಿ ಕಲಿತದ್ದು ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ 1982ರಲ್ಲಿ ಶುರುಮಾಡಿದ್ದು. ಸ್ವಂತ ಉದ್ಯೋಗ ಮಾಡುವವರಿಗೇ ತರಬೇತಿ. ಮುಂದೆ ಅದೇ ಮಾದರಿಯಲ್ಲಿ ದೇಶದಾದ್ಯಂತ ಜಿಲ್ಲೆ ಜಿಲ್ಲೆಗಳಲ್ಲಿ ಇಂತಹ ಸಂಸ್ಥೆಗಳು ಆದವು. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿಯೂ ಒಂದು ಉಂಟು. ಬಜಗೋಳಿಯಿಂದ ನಾರಾವಿ, ಗುರುವಾಯನಕೆರೆ, ಬೆಳ್ತಂಗಡಿ ದಾಟಿದರೆ ಉಜಿರೆ. ನಮ್ಮ ಪೇಟೆಯಿಂದಲೇ ಆ ದಾರಿ ತಿರುಗುತ್ತದೆ. ನಾನು ಇಪ್ಪತ್ತು ವರ್ಷ ಅದೇ ತಿರುವಿನಲ್ಲಿ ನಿಂತು ಚಹಾ ಕುಡಿದವನು.

"ಫೀಸು ಎಷ್ಟು ಕೊಟ್ಟೆ?"

"ಫೀಸಾ? ಊಟ, ವಸತಿ, ತರಬೇತಿ ಎಲ್ಲ ಧರ್ಮಕ್ಕೆ ಅಣ್ಣ. ಬೆಳಿಗ್ಗೆ ತಿಂಡಿಯೂ ಉಂಟು."

"ಅಲ್ಲಿ ಡ್ರೋನ್ ಕಲಿಸಿದ್ರಾ?"

"ಡ್ರೋನ್ ನಾನು ಮೊಬೈಲು ನೋಡಿ ಕಲಿತದ್ದು. ಅದರಲ್ಲಿ ಕಲಿಯಲಿಕ್ಕೆ ಎಂತ ಉಂಟು?"

ಗೋಡೆಯ ಮೇಲಿನ ಚೌಕಟ್ಟಿನ ಕಡೆ ನಾವಿಬ್ಬರೂ ನೋಡಲಿಲ್ಲ. ಈಗ ಹೋದರೆ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿದೆ. ಅವನು ಸೇರುವಾಗ 18ರಿಂದ 45ರ ಒಳಗಿನವರಿಗೆ ಎಂದಿತ್ತಂತೆ. ನನಗೆ 46. ಬೆಂಗಳೂರಿನಲ್ಲಿ ತುಪ್ಪದ ದೋಸೆ ತಿನ್ನುವಾಗ 45 ಇತ್ತು.

ಮನೆಯಲ್ಲಿ ಹೇಗೆ ಹೇಳುವುದೆಂದು ಮೂರು ದಿನ ಯೋಚಿಸಿದೆ. ಹೇಳಿದಾಗ ಹೆಂಡತಿ ಬೈಯಲಿಲ್ಲ, ಅದು ಹೆಚ್ಚು ಹೆದರಿಕೆಯಾಯಿತು. ಬಿಲ್ಲುಗಳ ಚೀಲವನ್ನು ಬಚ್ಚಲು ಒಲೆಗೆ ಹಾಕಲು ಕೊಂಡುಹೋದಳು. ಮಳೆಗಾಲದಲ್ಲಿ ಒಣಕಾಗದಕ್ಕೆ ಬೆಲೆ ಉಂಟು. ಐದು ನಿಮಿಷ ಬಿಟ್ಟು ಕೆಮ್ಮುತ್ತಾ ಹೊರಗೆ ಬಂದಳು. "ಉರಿಯುವುದೂ ಇಲ್ಲ ಸರಿಯಾಗಿ. ಎಂತ ಕಾಗದವೋ!"

(ಅಂದ ಹಾಗೆ, ನಾನು ಇಷ್ಟು ಕಷ್ಟಪಟ್ಟು ಬಾಯಿಪಾಠ ಮಾಡಿದ ಕಲಮುಗಳ ನಂಬರುಗಳೂ ಈಗ ದಂಡ. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು ನಂಬರುಗಳೆಲ್ಲ ಬದಲಾಗಿವೆ. ಕಲಿತದ್ದು ವ್ಯರ್ಥವಾಗುವುದರಲ್ಲಿ ನನಗೆ ಒಂದು ಸಾತತ್ಯ ಇದೆ.)

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂತು. ಖಾತೆಗೆ 4,610 ರೂಪಾಯಿ ಜಮೆ. ಹಿಡಿದದ್ದು 4,500. ಯಾರದ್ದೋ ಹಣ ತಪ್ಪಿ ಬಂದಿರಬೇಕೆಂದು ಹೆದರಿ ಆಡಿಟರಿಗೆ ಫೋನು ಮಾಡಿದೆ. ಸರಿಯಾಗಿಯೇ ಇದೆ ಎಂದರು. ಗಡುವಿನೊಳಗೆ ರಿಟರ್ನ್ ಹಾಕಿದವರ ಹಣವನ್ನು ಸರಕಾರ ಏಪ್ರಿಲಿನಿಂದ ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿಯಂತೆ ಸೇರಿಸಿ ವಾಪಸು ಕೊಡುತ್ತದೆ.

"ಸೇರಿಸಿ ಅಂದರೆ?"

"ಬಡ್ಡಿ ಮಾರಾಯ್ರೆ."

ನಾನು ಅಡುಗೆ ಮನೆಗೆ ಓಡಿದೆ. ಅವಳು ಪತ್ರೊಡೆಗೆ ಕೆಸುವಿನ ಎಲೆ ಸುರುಳಿ ಸುತ್ತುತ್ತಿದ್ದಳು. ಬಡ್ಡಿ ಬಂದಿದೆ, 110 ರೂಪಾಯಿ ಎಂದೆ. ಅವಳು ಎಲೆಯಿಂದ ಕಣ್ಣೆತ್ತದೆ, "ನಾನು ಆಗಲೇ ಕೇಳಿದ್ದಲ್ವಾ?" ಎಂದಳು. ಸಂಜೆ ಪಿಗ್ಮಿಯವರು ಬಂದಾಗ 4,610 ರೂಪಾಯಿ ಪೂರ್ತಿ ಅವಳ ಹೆಸರಿನಲ್ಲಿ ಹೋಯಿತು. ಅವರು ಕೈಯಲ್ಲಿದ್ದ ಮೆಷಿನ್ನಿನಿಂದ ಚೀಟಿ ಹರಿದು ಕೊಟ್ಟರು, ಅವಳು ಅದನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಿದಳು.

ಆಗ ಆಡಿಟರ ಫೋನು ಬಂತು.

"ಒಂದು ಹೇಳಲಿಕ್ಕೆ ಮರೆತೆ. ಆ 110 ರೂಪಾಯಿ ಬಡ್ಡಿ ಉಂಟಲ್ಲ, ಅದು ನಿಮ್ಮ ಈ ವರ್ಷದ ಆದಾಯ. ಬರುವ ಆಟಿಗೆ ರಿಟರ್ನಿನಲ್ಲಿ ತೋರಿಸಬೇಕು. ಬರುವಾಗ ಅದರ ಚೀಟಿ ಏನಾದರೂ ಇದ್ದರೆ ತನ್ನಿ."